ಊರಿನ ಹೆಸರು ಹೊತ್ತ ಹೃದ್ರೋಗ

1935ರ ಚಳಿಗಾಲ. ಚೀನಾದ ಈಶಾನ್ಯ ಮೂಲೆಯ ಕೆಶಾನ್ ಸೀಮೆಯಲ್ಲಿ ಜನ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು, ವಾಂತಿ ಮಾಡಿಕೊಂಡು ಸಾಯತೊಡಗಿದರು. ಹೆಚ್ಚಿನವರು ಎಳೆಯ ಮಕ್ಕಳು, ಹೆರುವ ವಯಸ್ಸಿನ ಹೆಂಗಸರು. ಹೆಣ ಕೊಯ್ದು ನೋಡಿದರೆ ಹೃದಯದ ಸ್ನಾಯು ಅಲ್ಲಲ್ಲಿ ಸತ್ತು, ಗಾಯದ ಕಲೆ ಕಟ್ಟಿರುತ್ತಿತ್ತು. ಕಾರಣ ಹೊಳೆಯದೆ, ಕಾಯಿಲೆಗೆ ಊರಿನ ಹೆಸರನ್ನೇ ಇಟ್ಟರು: ಕೆಶಾನ್ ರೋಗ.

ಮುಂದೆ ಇದೇ ಕಾಯಿಲೆ ಕಂಡ ಊರುಗಳನ್ನು ನಕ್ಷೆಯಲ್ಲಿ ಗುರುತು ಹಾಕಿದಾಗ, ಈಶಾನ್ಯದ ಹೈಲಾಂಗ್‌ಜಿಯಾಂಗ್‌ನಿಂದ ನೈಋತ್ಯದ ಯುನ್ನಾನ್‌ವರೆಗೆ ದೇಶಕ್ಕೆ ಓರೆಯಾಗಿ ಒಂದು ಪಟ್ಟಿ ಮೂಡಿತು. ಅದರೊಳಗೂ ನರಳಿದವರು ತಮ್ಮ ಹೊಲದಲ್ಲಿ ಬೆಳೆದದ್ದನ್ನೇ ಉಣ್ಣುವ ರೈತಾಪಿ ಜನ. ಸುಳಿವು ಕೊಟ್ಟದ್ದು ಮಾತ್ರ ಕೊಟ್ಟಿಗೆ. ಅದೇ ಸೀಮೆಯ ಕುರಿಮರಿ, ಕರುಗಳಿಗೆ ಮಾಂಸಖಂಡ ಬಿಳಿಚಿಕೊಳ್ಳುವ ರೋಗವಿತ್ತು. ಅದು ಸೆಲೆನಿಯಂ ಕೊರತೆಯಿಂದ ಬರುವಂಥದ್ದೆಂದು ಪಶುವೈದ್ಯರಿಗೆ ಗೊತ್ತಿತ್ತು. ಷಿಯಾನ್‌ನ ವೈದ್ಯರು ಎರಡನ್ನೂ ಜೋಡಿಸಿ ನೋಡಿದರು.

ಸೆಲೆನಿಯಂಗೆ ಆಗ ಒಳ್ಳೆಯ ಹೆಸರಿರಲಿಲ್ಲ. 1817ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಅದನ್ನು ಕಂಡುಹಿಡಿದು ಚಂದ್ರನ ಹೆಸರಿಟ್ಟಿದ್ದ. ಆಮೇಲೆ ಅದು ಸುದ್ದಿಯಾದದ್ದು ದನಕರುಗಳನ್ನು ಕೊಲ್ಲುವ ವಿಷವಾಗಿ. ಲೇಶದಷ್ಟು ಸಿಗದಿದ್ದರೂ ಜೀವಕ್ಕೆ ಕುತ್ತು ಎಂಬುದು 1957ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತಿಳಿಯಿತು. ದೇಹದ ಕೋಶಗಳನ್ನು ಸುಡುವ ಪೆರಾಕ್ಸೈಡನ್ನು ಅಡಗಿಸುವ ಕಿಣ್ವವೊಂದಕ್ಕೆ ಅದು ಬೇಕೇ ಬೇಕು.

1974ರಲ್ಲಿ ಸಿಚುವಾನ್‌ನ ಮಿಯಾನ್ನಿಂಗ್‌ನಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಒಂದರಿಂದ ಒಂಬತ್ತು ವರ್ಷದ ಮಕ್ಕಳಿಗೆ ವಾರಕ್ಕೊಂದು ಸೋಡಿಯಂ ಸೆಲೆನೈಟ್ ಮಾತ್ರೆ; ಐದು ವರ್ಷದೊಳಗಿನವರಿಗೆ ಅರ್ಧ ಮಿಲಿಗ್ರಾಂ, ದೊಡ್ಡವರಿಗೆ ಒಂದು. ಮಾತ್ರೆ ನುಂಗಿದ 4,510 ಮಕ್ಕಳಲ್ಲಿ 10 ಮಂದಿಗೆ ರೋಗ ಬಂತು; ಔಷಧವಿಲ್ಲದ ಹುಸಿಮಾತ್ರೆ ಪಡೆದ 3,985 ಮಕ್ಕಳಲ್ಲಿ 54 ಮಂದಿಗೆ. ಮರುವರ್ಷ 6,767ರಲ್ಲಿ 7. ಆ ಕಡೆ 5,445ರಲ್ಲಿ 52. ಇದಾದ ಮೇಲೆ 1976ರಲ್ಲಿ ಎಲ್ಲರಿಗೂ ನಿಜವಾದ ಮಾತ್ರೆಯನ್ನೇ ಕೊಟ್ಟರು. ಮೊದಲ ವರ್ಷದ ಲೆಕ್ಕ ಕಣ್ಣೆದುರಿಗಿದ್ದೂ ಎರಡನೆಯ ವರ್ಷ ಅಷ್ಟು ಮಕ್ಕಳನ್ನು ಹಾಗೇ ಬಿಟ್ಟದ್ದನ್ನು ಓದುವಾಗ, ಆ 52ರ ಮೇಲೆ ಕಣ್ಣು ನಿಂತುಬಿಡುತ್ತದೆ.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಕಾಯಿಲೆ ಉತ್ತರದಲ್ಲಿ ಚಳಿಗಾಲಕ್ಕೆ, ದಕ್ಷಿಣದಲ್ಲಿ ಬೇಸಿಗೆಗೆ ಏರುತ್ತಿತ್ತು. ಬೆಳೆಗೆ ಸೆಲೆನಿಯಂ ಬರುವುದು ಮಣ್ಣಿನಿಂದ; ಮಣ್ಣಿನ ಗುಣ ತಿಂಗಳು ತಿಂಗಳಿಗೆ ಬದಲಾಗುತ್ತದೆಯೇ? ರೋಗಿಗಳಲ್ಲಿ ಕಾಕ್ಸಾಕಿ ಎಂಬ ವೈರಸ್ಸೂ ಸಿಕ್ಕಿತ್ತು.

1990ರ ದಶಕದಲ್ಲಿ ಅಮೆರಿಕದ ಮೆಲಿಂಡಾ ಬೆಕ್ ಮತ್ತು ಸಂಗಡಿಗರು ಈ ವೈರಸ್ಸಿನ ಒಂದು ಸಾಧು ತಳಿಯನ್ನು, ಸೆಲೆನಿಯಂ ಇಲ್ಲದ ಮೇವು ತಿಂದ ಇಲಿಗಳಿಗೆ ಚುಚ್ಚಿದರು. ಅವುಗಳ ಹೃದಯ ಕೆಟ್ಟಿತು. ಅದರಲ್ಲಿ ಅಚ್ಚರಿಯೇನಿಲ್ಲ, ಬಡಕಲು ಮೈ. ಆ ಇಲಿಗಳಿಂದ ವೈರಸ್ಸನ್ನು ಹೊರತೆಗೆದು, ಹೊಟ್ಟೆತುಂಬ ಒಳ್ಳೆಯ ಮೇವು ತಿಂದ ಇಲಿಗಳಿಗೆ ಚುಚ್ಚಿದರು. ಅವುಗಳ ಹೃದಯವೂ ಕೆಟ್ಟಿತು. ಸೊರಗಿದ ಮೈಯೊಳಗೆ ಇದ್ದು ಬಂದ ವೈರಸ್ಸಿನ ಜೀನಿನ ಅಕ್ಷರಗಳೇ ಬದಲಾಗಿದ್ದವು.