ಗಾಡಿ ನಿಂತಷ್ಟು ಹೊತ್ತಿನ ವಡೆ

ಮದ್ದೂರಿಗೆ ಈ ಸಲ ಹೋಗಿದ್ದು ಒಬ್ಬರ ಅಂಗೈ ನೋಡಲಿಕ್ಕೆ. ಹಿಂದೊಮ್ಮೆ ಅಲ್ಲಿನ ಹಳೇ ರಸ್ತೆಯ ಪುಟ್ಟ ಹೋಟೆಲಿನಲ್ಲಿ ಕೈ ತೊಳೆಯಲು ಹಿಂದುಗಡೆ ಹೋದಾಗ, ಅಡುಗೆಮನೆಯ ಅರೆತೆರೆದ ಬಾಗಿಲಿನಾಚೆ ವಡೆ ತಟ್ಟುತ್ತಿದ್ದ ಆ ಕೈ ಕಂಡಿತ್ತು. ಬಸ್ಸಿನವನು ಹಾರನ್ ಹೊಡೆಯುತ್ತಿದ್ದುದರಿಂದ ನಿಂತು ನೋಡಲಾಗಿರಲಿಲ್ಲ.

ಅರವತ್ತರ ಆಸುಪಾಸಿನ ಹೆಂಗಸು. ತಗ್ಗು ಮಣೆಯ ಮೇಲೆ ಕೂತಿದ್ದರು. ಎಡಗಡೆ ಹಿಟ್ಟಿನ ಬೇಸಿನ್, ಮುಂದೆ ಎಣ್ಣೆ ಸವರಿದ ಬಾಳೆಲೆ ತುಂಡು. ನಿಂಬೆಹಣ್ಣಿಗಿಂತ ದಪ್ಪನೆಯ ಉಂಡೆಯೊಂದನ್ನು ಎಲೆಯ ಮೇಲಿಟ್ಟು ಬಲಗೈಯಿಂದ ತಟ್ಟುತ್ತಾರೆ. ಎಡಗೈ ಎಲೆಯನ್ನು ಅಷ್ಟಷ್ಟೇ ತಿರುಗಿಸುತ್ತಾ ಹೋಗುತ್ತದೆ. ಒತ್ತುವುದು ಬೆರಳಲ್ಲ, ಅಂಗೈಯ ಬುಡ. ಎಲೆ ಒಂದು ಸುತ್ತು ಬರುವಷ್ಟರಲ್ಲಿ ವಡೆ ಹರಡಿರುತ್ತದೆ. ನಡುವೆ ತುಸು ದಪ್ಪ, ಅಂಚಿಗೆ ಬಂದಂತೆ ತೆಳು. ಅಂಚಿನಿಂದ ಈರುಳ್ಳಿಯ ಎಳೆಗಳು ಅಲ್ಲಲ್ಲಿ ಹೊರಗೆ ಇಣುಕುತ್ತಿರುತ್ತವೆ. ಅವನ್ನು ಒಳಗೆ ಸೇರಿಸಿ ನುಣ್ಣಗೆ ಮಾಡಬಾರದೇ ಎಂದು ಕೇಳಿದೆ.

‘ಅಂಚು ಒಡೆದಂಗೇ ಇರ್ಬೇಕು ಕಣಣ್ಣ. ನುಣ್ಣಗಾದ್ರೆ ನಿಪ್ಪಟ್ಟಾಯ್ತದೆ.’

ಎಲೆಯಿಂದ ಅಂಗೈಗೆ, ಅಂಗೈಯಿಂದ ಬಾಣಲೆಗೆ. ಎಣ್ಣೆ ಹೊಗೆಯಾಡುವಷ್ಟು ಕಾದಿರಬಾರದು. ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ತಳ ಸೇರಿದ ವಡೆ ಸುತ್ತಲೂ ನೊರೆ ಎಬ್ಬಿಸಿಕೊಂಡು ಮೇಲೇಳುತ್ತದೆ, ಒಂದು ಸಲ ಮಗುಚುತ್ತಾರೆ, ಅಷ್ಟೇ. ಆಮೇಲೆ ಅವರು ಬಾಣಲೆ ಕಡೆ ನೋಡುವುದೇ ಇಲ್ಲ. ನನ್ನ ಜೊತೆ ಮಾತಾಡುತ್ತಾ ಮುಂದಿನ ಉಂಡೆ ತಟ್ಟುತ್ತಿದ್ದವರು ಇದ್ದಕ್ಕಿದ್ದಂತೆ ಜಾಲರಿ ಸೌಟು ಹಾಕಿ ನಾಲ್ಕೂ ವಡೆ ಎತ್ತಿಬಿಟ್ಟರು. ಹೇಗೆ ಗೊತ್ತಾಯಿತೋ ನನಗೆ ತಿಳಿಯಲಿಲ್ಲ. ಮುಂದಿನ ಸರದಿಯಲ್ಲಿ ನಾನೂ ಕಿವಿಗೊಟ್ಟೆ. ಮೊದಲು ಜೋರು ಚಟಪಟ, ಬರಬರುತ್ತಾ ಸಣ್ಣ ಸುಂಯ್, ಆಮೇಲೆ ಇದ್ದೂ ಇಲ್ಲದಂಥ ಪಿಸುಗು. ಈರುಳ್ಳಿಯ ನೀರು ಆರಿದಂತೆ ಎಣ್ಣೆಯ ಸದ್ದು ಅಡಗುತ್ತದೆ. ಅವರು ವಡೆ ಬೇಯಿಸುವುದು ಕಿವಿಯಿಂದ.

ಹಿಟ್ಟಿನ ವಿಷಯ ಹೆಚ್ಚೇನಿಲ್ಲ. ಅಕ್ಕಿಹಿಟ್ಟು, ಮೈದಾ, ಚಿರೋಟಿ ರವೆ. ಅಳತೆ ಒಂದೊಂದು ಹೋಟೆಲಿಗೆ ಒಂದೊಂದು. ಉದ್ದುದ್ದ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಉಪ್ಪು. ಮೇಲೆ ಕಾದ ಎಣ್ಣೆ. ನೀರು ಕೈ ಚಿಮುಕಿಸುವಷ್ಟೇ ಸಾಕು, ಮಿಕ್ಕದ್ದನ್ನು ಉಪ್ಪು ಬಿದ್ದ ಈರುಳ್ಳಿಯೇ ಬಿಟ್ಟುಕೊಡುತ್ತದೆ. ಬೇಳೆ ನೆನೆಹಾಕುವ, ರುಬ್ಬುವ ಕೆಲಸವಿಲ್ಲ. ಉದ್ದಿನ ವಡೆಯಂತೆ ತಣ್ಣಗಾದ ಕೂಡಲೇ ಇದು ಸಪ್ಪೆ ಮೋರೆ ಹಾಕುವುದಿಲ್ಲ. ಪೊಟ್ಟಣ ಕಟ್ಟಿಸಿ ಊರು ಮುಟ್ಟಿದ ಮೇಲೂ ಬಾಯಿಗೆ ಒದಗುತ್ತದೆ.

ಅವಸರದಲ್ಲಿ ಹುಟ್ಟಿದ್ದಕ್ಕೇ ಹೀಗೆ ಎಂದು ಮದ್ದೂರಿನವರು ಹೇಳುತ್ತಾರೆ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಳಿ ಪೂರ್ತಿಯಾದದ್ದು 1882ರಲ್ಲಿ. ಉಗಿಬಂಡಿಗಳು ನೀರು ತುಂಬಿಸಿಕೊಳ್ಳಲು ಮದ್ದೂರಿನಲ್ಲಿ ನಿಲ್ಲುತ್ತಿದ್ದವು. ನಿಲ್ದಾಣದಲ್ಲಿ ಸಸ್ಯಾಹಾರಿ ಉಪಾಹಾರ ಮಂದಿರ ಇಟ್ಟಿದ್ದವರು ರಾಮಚಂದ್ರ ಬುಧ್ಯ. 1917ರ ಒಂದು ದಿನ ಅವರು ಪಕೋಡಕ್ಕೆ ಹಿಟ್ಟು ಕಲಸುತ್ತಿದ್ದಾಗ ಗಾಡಿ ವೇಳೆಗೆ ಮುಂಚೆಯೇ ಬಂದುಬಿಟ್ಟಿತಂತೆ. ಉಂಡೆಗಳು ಬೇಯುವವರೆಗೆ ಗಾಡಿ ಕಾಯುವುದಿಲ್ಲ. ಹಿಟ್ಟನ್ನು ಕೊಂಚ ಬದಲಿಸಿ, ಚಪ್ಪಟೆ ತಟ್ಟಿ ಎಣ್ಣೆಗೆ ಬಿಟ್ಟರು, ಬೇಗ ಬೆಂದಿತು. ನೂರು ವರ್ಷಗಳಲ್ಲಿ ಕಥೆಗೆ ಒಂದಿಷ್ಟು ಒಗ್ಗರಣೆ ಬಿದ್ದಿರಬಹುದು. ಆದರೆ ವಡೆಯ ಆಕಾರ ನೋಡಿದರೆ ನನಗೆ ನಂಬಬೇಕೆನಿಸುತ್ತದೆ.

ನೀರಿಗಾಗಿ ನಿಲ್ಲುವ ಗಾಡಿಗಳು ಹೋದ ಮೇಲೆ ರಸ್ತೆ ಈ ವಡೆಯನ್ನು ಸಾಕಿತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಮಕ್ಕಳಿಗೊಂದು ಬೊಂಬೆ, ಮದ್ದೂರಿನಲ್ಲಿ ವಡೆ, ಬೇಸಿಗೆಯಾದರೆ ಎಳನೀರು: ಮೈಸೂರಿಗೆ ಹೋಗುವುದೆಂದರೆ ನಮಗೆಲ್ಲ ಹೀಗೇ ಇತ್ತು. ಮದ್ದೂರು ಟಿಫಾನೀಸ್‌ನಂಥ ಹೆದ್ದಾರಿ ಹೋಟೆಲುಗಳು ಹೆಸರು ಮಾಡಿದವು. 2023ರ ಮಾರ್ಚ್‌ನಲ್ಲಿ ಪ್ರಧಾನಿಯವರು ಇದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ 118 ಕಿಲೋಮೀಟರಿನ ಹೊಸ ಹೆದ್ದಾರಿಯನ್ನು ಉದ್ಘಾಟಿಸಿದರು. ಮೂರು ಗಂಟೆಯ ದಾರಿ ಒಂದೂವರೆಗೆ ಇಳಿಯಿತು. ಅವಸರದ ರೋಗಿಗೆ, ದಿನಾ ಓಡಾಡುವವರಿಗೆ ಅದು ದೊಡ್ಡ ಉಪಕಾರ, ಇಲ್ಲವೆನ್ನಲಾರೆ. ಆದರೆ ಮೇಲ್ಸೇತುವೆಯ ಮೇಲೆ ಹೋಗುವವರಿಗೆ ಮದ್ದೂರು ಈಗ ಒಂದು ಹಸಿರು ಫಲಕ. ನಾನು ಕೂತಿದ್ದ ಹೋಟೆಲಿನಲ್ಲಿ ಮೊದಲು ಇಬ್ಬರು ತಟ್ಟುತ್ತಿದ್ದರು, ಈಗ ಇವರೊಬ್ಬರೇ. ಎರಡನೆಯ ಮಣೆ ಗೋಡೆಗೆ ಒರಗಿಸಿಟ್ಟಿತ್ತು.

ರೈಲಿನಲ್ಲಿ ಬುಟ್ಟಿ ಹೊತ್ತು ಮಾರುವವರ ಪಾಡು ಬೇರೆ. 1989ರ ರೈಲ್ವೆ ಕಾಯ್ದೆಯ 144ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಗಾಡಿಯೊಳಗೆ ಮಾರುವುದು ಅಪರಾಧ. ಶುಚಿಯ ಪ್ರಶ್ನೆಯಿದೆ, ಒಪ್ಪುತ್ತೇನೆ. ಹಾಗಿದ್ದರೆ ಬುಟ್ಟಿ, ಕೈಗವಸು ನೋಡಿ ಅವರಿಗೇ ಒಂದು ಚೀಟಿ ಕೊಡಬಾರದೇ? ಈ ದಾರಿಯ ರೈಲಿಗೆ ಅದರ ದನಿ ಕೊಟ್ಟವರು ಅವರು.

ಸಂಜೆ ಬೆಂಗಳೂರಿನ ಪ್ಯಾಸೆಂಜರ್ ಹತ್ತಿದೆ. ಆಕೆ ಪೇಪರಿನಲ್ಲಿ ಕಟ್ಟಿಕೊಟ್ಟ ನಾಲ್ಕು ವಡೆ ಮಡಿಲಲ್ಲಿ ಬೆಚ್ಚಗಿದ್ದವು. ಚನ್ನಪಟ್ಟಣ ಬರುವಷ್ಟರಲ್ಲಿ ಪೇಪರು ಎಣ್ಣೆ ಕುಡಿದು ಅಕ್ಷರಗಳ ಹಿಂದಿನ ಅಕ್ಷರ ಕಾಣುತ್ತಿತ್ತು. ಒಂದರ ಅಂಚು ಮುರಿದು ಬಾಯಿಗಿಟ್ಟೆ. ಕರಕಲಾದ ಈರುಳ್ಳಿ ಎಳೆಯ ಸಿಹಿ, ಅದರ ಹಿಂದೆಯೇ ಮೆಣಸಿನಕಾಯಿ. ಅಷ್ಟರಲ್ಲಿ ಬೋಗಿಯ ಆ ತುದಿಯಿಂದ ‘ವಡೆ ವಡೆ ವಡೇ... ಮದ್ದೂರ್ ವಡೇ’ ಎಂದು ಒಬ್ಬರು ಬಂದರು. ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗರು ತಲೆ ಎತ್ತಲಿಲ್ಲ. ಅಜ್ಜಿಯೊಬ್ಬರು ಎರಡು ಕೊಂಡರು. ನನ್ನ ಮಡಿಲಿನ ಪೊಟ್ಟಣ ಕಂಡು ವಡೆ ಮಾರುವವರು ನಕ್ಕು ಮುಂದೆ ಹೋದರು.

ರಾಮನಗರದಲ್ಲಿ ಇಳಿದರು. ಕಿಟಕಿಯಿಂದ ನೋಡಿದೆ. ಅರ್ಧ ತುಂಬಿದ ಬುಟ್ಟಿಯ ಮೇಲೆ ಬಟ್ಟೆ ಎಳೆದು, ತಲೆಯ ಮೇಲೇರಿಸಿಕೊಂಡು, ಮೇಲ್ಸೇತುವೆ ಹತ್ತಿ ಆಚೆ ಪ್ಲಾಟ್‌ಫಾರಮ್ಮಿಗೆ ನಡೆಯುತ್ತಿದ್ದರು, ಮೈಸೂರು ಕಡೆಯ ಗಾಡಿಗೆ.