ಕುರ್ಚಿಗೆ ಹೆಣ್ಣು ಬಂದಾಗ ನಾಲಗೆಗಳು ಏನನ್ನುತ್ತವೆ?

ಸಹೋದರಿಯರೇ, ಒಬ್ಬ ಗಂಡಸು ಮುಖ್ಯಮಂತ್ರಿಯಾದರೆ ಮರುದಿನ ಜನರು ಏನು ಮಾತನಾಡುತ್ತಾರೆ? ಪಕ್ಷ ಯಾವುದು, ಬಹುಮತ ಎಷ್ಟು, ಸಂಪುಟಕ್ಕೆ ಯಾರು ಸೇರಿದರು, ಯಾರು ಮುನಿಸಿಕೊಂಡರು ಎಂದು ಮಾತನಾಡುತ್ತಾರೆ. ಅದೇ ಕುರ್ಚಿಯಲ್ಲಿ ಒಬ್ಬ ಹೆಣ್ಣು ಕುಳಿತರೆ ಈ ಪ್ರಶ್ನೆಗಳ ಜೊತೆಗೆ ಬೇರೆ ಕೆಲವು ಪ್ರಶ್ನೆಗಳೂ ಬಂದು ಕೂರುತ್ತವೆ. ಏನು ಉಟ್ಟಿದ್ದಾಳೆ? ಗಂಡ ಏನು ಮಾಡುತ್ತಾನೆ? ಮಕ್ಕಳೆಷ್ಟು? ಮಕ್ಕಳಿಲ್ಲವಾದರೆ ಯಾಕಿಲ್ಲ?

ಇದು ಹಿಂದುಳಿದ ಊರುಗಳ ಮಾತು, ಓದಿದವರ ದೇಶದಲ್ಲಿ ಹೀಗಿರಲಿಕ್ಕಿಲ್ಲ ಎಂದು ನೀವು ಭಾವಿಸಿರಬಹುದು. ಹಾಗಾದರೆ ಸ್ಕಾಟ್ಲೆಂಡಿನ ಕಥೆಯನ್ನು ಸ್ವಲ್ಪ ಗಮನಿಸಿ.

ಸ್ಕಾಟ್ಲೆಂಡ್ ಬ್ರಿಟನ್ನಿನ ಉತ್ತರ ಭಾಗ. ಜನಸಂಖ್ಯೆ ಸುಮಾರು 54 ಲಕ್ಷ. 1997ರ ಜನಮತ ಸಂಗ್ರಹದ ಬಳಿಕ 1999ರಲ್ಲಿ ಅದಕ್ಕೆ ತನ್ನದೇ ಆದ ಪಾರ್ಲಿಮೆಂಟು ದೊರೆಯಿತು. ಅದರಲ್ಲಿ 129 ಸದಸ್ಯರಿದ್ದಾರೆ. ಆರೋಗ್ಯ, ಶಿಕ್ಷಣ, ನ್ಯಾಯಾಂಗ, ಸ್ಥಳೀಯಾಡಳಿತದಂತಹ ವಿಷಯಗಳು ಅದರ ಕೈಯಲ್ಲಿವೆ. ರಕ್ಷಣೆ ಮತ್ತು ವಿದೇಶ ವ್ಯವಹಾರ ಲಂಡನ್ನಿನ ಕೈಯಲ್ಲೇ ಉಳಿದಿವೆ. ಈ ಸರಕಾರದ ಮುಖ್ಯಸ್ಥರನ್ನು ಫಸ್ಟ್ ಮಿನಿಸ್ಟರ್ ಎನ್ನುತ್ತಾರೆ. ನಮ್ಮ ಮುಖ್ಯಮಂತ್ರಿ ಹುದ್ದೆಗೆ ಹತ್ತಿರದ್ದು ಎನ್ನಬಹುದು. ಮೊದಲ ನಾಲ್ವರು ಗಂಡಸರು. ಐದನೆಯವರಾಗಿ 2014ರ ನವೆಂಬರ್ 20ರಂದು ಪ್ರಮಾಣವಚನ ಸ್ವೀಕರಿಸಿದವರು ನಿಕೋಲಾ ಸ್ಟರ್ಜನ್. ಆ ಹುದ್ದೆಗೇರಿದ ಮೊದಲ ಮಹಿಳೆ.

ಅವರು ಇದ್ದಕ್ಕಿದ್ದಂತೆ ಬಂದವರಲ್ಲ. ಹದಿನಾರರ ಹರೆಯದಲ್ಲೇ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಸೇರಿದ್ದರು. ಗ್ಲಾಸ್ಗೋದಲ್ಲಿ ಕಾನೂನು ಓದಿ ವಕೀಲೆಯಾದರು. 1999ರಿಂದ ಶಾಸಕಿ. 2007ರಿಂದ ಉಪ ಫಸ್ಟ್ ಮಿನಿಸ್ಟರ್, ಜೊತೆಗೆ ಆರೋಗ್ಯ ಖಾತೆಯ ಹೊಣೆ. 2014ರ ಸೆಪ್ಟೆಂಬರ್ 18ರಂದು ಸ್ವತಂತ್ರ ಸ್ಕಾಟ್ಲೆಂಡಿಗಾಗಿ ನಡೆದ ಜನಮತ ಸಂಗ್ರಹದಲ್ಲಿ ಶೇ. 55 ಮಂದಿ ಬೇಡ ಎಂದರು. ಸೋಲಿನ ಹೊಣೆ ಹೊತ್ತು ಅಲೆಕ್ಸ್ ಸಾಲ್ಮಂಡ್ ಕೆಳಗಿಳಿದಾಗ ಅವರ ಸ್ಥಾನಕ್ಕೆ ಪಕ್ಷದಲ್ಲಿ ಬೇರೊಬ್ಬ ಸ್ಪರ್ಧಿಯೇ ಇರಲಿಲ್ಲ.

ಸ್ವಾಗತವೂ ಇತ್ತು

ಜನರ ಪ್ರತಿಕ್ರಿಯೆಯೆಲ್ಲ ಕೆಟ್ಟದಾಗಿತ್ತು ಎಂದರೆ ಅನ್ಯಾಯವಾದೀತು. ಅಧಿಕಾರ ವಹಿಸಿಕೊಂಡ ವಾರದಲ್ಲೇ ಗ್ಲಾಸ್ಗೋದ ದೊಡ್ಡ ಸಭಾಂಗಣವೊಂದರಲ್ಲಿ ಅವರ ಮಾತು ಕೇಳಲು ಸುಮಾರು 12 ಸಾವಿರ ಮಂದಿ ಸೇರಿದರು. ಜನಮತ ಸಂಗ್ರಹಕ್ಕೆ ಮುನ್ನ ಸುಮಾರು 25 ಸಾವಿರವಿದ್ದ ಪಕ್ಷದ ಸದಸ್ಯರ ಸಂಖ್ಯೆ ಆ ನವೆಂಬರ್ ಹೊತ್ತಿಗೆ 90 ಸಾವಿರ ದಾಟಿತ್ತು. ಸಂಪುಟದಲ್ಲಿ ಐವರು ಮಹಿಳೆಯರು, ಐವರು ಪುರುಷರು. ಅಂತಹ ಸಮಪಾಲಿನ ಸಂಪುಟ ಆಗ ಜಗತ್ತಿನಲ್ಲೇ ಅಪರೂಪ. ತನ್ನ ಆಯ್ಕೆಯು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲಿ ಎಂದು ಅವರು ಸದನದಲ್ಲಿ ಆಶಿಸಿದಾಗ ಗ್ಯಾಲರಿಯಲ್ಲಿ ಅವರ ತಂದೆ-ತಾಯಿ ಮತ್ತು ಎಂಟು ವರ್ಷದ ಸೋದರಿಯ ಮಗಳು ಕುಳಿತಿದ್ದರು.

2015ರ ಏಪ್ರಿಲ್ 2ರಂದು ಟಿವಿಯಲ್ಲಿ ಬ್ರಿಟನ್ನಿನ ಏಳು ಪಕ್ಷಗಳ ನಾಯಕರ ಚರ್ಚೆ ನಡೆಯಿತು. ಏಳರಲ್ಲಿ ಮೂವರು ಮಹಿಳೆಯರು. ಚರ್ಚೆ ಮುಗಿದ ಕೂಡಲೇ ನಡೆದ ಒಂದು ಸಮೀಕ್ಷೆಯಲ್ಲಿ ಶೇ. 28 ಮಂದಿ ಸ್ಟರ್ಜನ್ ಚೆನ್ನಾಗಿ ಮಾತನಾಡಿದರೆಂದರು. ಪ್ರಧಾನಿ ಡೇವಿಡ್ ಕ್ಯಾಮರೂನರಿಗೆ ಸಿಕ್ಕಿದ್ದು ಶೇ. 18. ಮುಂದಿನ ತಿಂಗಳ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ 59 ಸ್ಥಾನಗಳಲ್ಲಿ 56 ಅವರ ಪಕ್ಷಕ್ಕೆ ಬಂದವು.

ಮಾತು ಕೆಲಸದಿಂದ ಕಾಲಿಗೆ ಇಳಿದಾಗ

ಆದರೆ ಇನ್ನೊಂದು ಮುಖವೂ ಇತ್ತು. ಸ್ಕಾಟ್ಲೆಂಡಿನಲ್ಲಿ ಚೂಪು ಮಾತಿನ ಹೆಂಗಸಿಗೆ 'ನಿಪ್ಪಿ ಸ್ವೀಟಿ' ಎಂಬ ಅಡ್ಡಹೆಸರಿದೆ. ಸ್ಟರ್ಜನ್‌ರಿಗೆ ಅದು ವರ್ಷಗಟ್ಟಲೆ ಅಂಟಿಕೊಂಡಿತ್ತು. ಗಂಡಸು ಖಡಕ್ಕಾಗಿ ಮಾತನಾಡಿದರೆ ಧೀಮಂತ ನಾಯಕ, ಹೆಣ್ಣು ಮಾತನಾಡಿದರೆ ಜಗಳಗಂಟಿ! ಈ ನಿಘಂಟು ನಮಗೇನು ಹೊಸದೇ?

2015ರ ಮಾರ್ಚಿನಲ್ಲಿ 'ದಿ ಸನ್' ಪತ್ರಿಕೆ ಅವರಿಗೆ ತುಂಡುಡುಗೆ ತೊಡಿಸಿದಂತೆ ಚಿತ್ರ ತಿದ್ದಿ ಅಚ್ಚು ಹಾಕಿತು. 2017ರ ಮಾರ್ಚಿನಲ್ಲಿ ಇನ್ನೂ ದೊಡ್ಡ ಗದ್ದಲವಾಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಪತ್ರ ಸಲ್ಲಿಸಲು ಎರಡು ದಿನಗಳಿದ್ದವು. ಪ್ರಧಾನಿ ಥೆರೆಸಾ ಮೇ ಗ್ಲಾಸ್ಗೋಗೆ ಬಂದು ಸ್ಟರ್ಜನ್‌ರನ್ನು ಭೇಟಿಯಾದರು. ಒಂದು ದೇಶದ ಭವಿಷ್ಯದ ಕುರಿತು ಇಬ್ಬರು ನಾಯಕಿಯರು ಮಾತನಾಡಿದ ದಿನ ಅದು. ಮರುದಿನ 'ಡೈಲಿ ಮೇಲ್' ಮುಖಪುಟದಲ್ಲಿ ಇಬ್ಬರೂ ಕುರ್ಚಿಯಲ್ಲಿ ಕುಳಿತ ಚಿತ್ರವನ್ನು ಹಾಕಿ, ಯಾರ ಕಾಲುಗಳು ಚೆಂದ ಎಂಬರ್ಥದ ಶೀರ್ಷಿಕೆ ಕೊಟ್ಟಿತು. ಟೀಕೆಗಳು ಬಂದಾಗ ಪತ್ರಿಕೆಯ ಉತ್ತರ, ಅದು ಹಗುರ ಬರಹ ಎಂದು. ಒಳಪುಟದ ಆ ಬರಹವನ್ನು ಬರೆದವರು ಒಬ್ಬ ಅಂಕಣಕಾರ್ತಿ! ಹೌದು ಸಹೋದರಿಯರೇ, ಹೆಣ್ಣನ್ನು ಅಳೆದದ್ದು ಹೆಣ್ಣೇ.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವನ್ನು ಓದಿದವರಿಗೆ ಇಲ್ಲಿ ಒಂದು ಮಾತು ನೆನಪಾಗದಿರದು. ಪರಿಹಾಸ್ಯ ಮಾಡಬಾರದೆಂದು ಪುರುಷರಿಗೆ ಹೇಳಿದ ಅಲ್ಲಾಹನು ಅಲ್ಲಿಗೇ ನಿಲ್ಲಿಸಲಿಲ್ಲ. ಸ್ತ್ರೀಯರು ಸ್ತ್ರೀಯರನ್ನು ಗೇಲಿ ಮಾಡಬಾರದೆಂದು ಪ್ರತ್ಯೇಕವಾಗಿ ಹೇಳಿದನು. ಅಡ್ಡಹೆಸರಿಡುವುದು, ಗುಮಾನಿ ಪಡುವುದು, ಗುಟ್ಟು ಕೆದಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು ಎಲ್ಲವನ್ನೂ ಅಲ್ಲಿಯೇ ತಡೆದನು.

'ಮಕ್ಕಳಿಲ್ಲವೇ?'

ಈ ಕಥೆಯಲ್ಲಿ ಅತ್ಯಂತ ನೋವಿನ ಭಾಗ ಇದು. ಸ್ಟರ್ಜನ್‌ರಿಗೆ ಮಕ್ಕಳಿರಲಿಲ್ಲ. ಅಧಿಕಾರಕ್ಕಾಗಿಯೇ ಮಕ್ಕಳು ಬೇಡವೆಂದರೇ ಎಂಬ ಪ್ರಶ್ನೆ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. 2015ರ ಜುಲೈಯಲ್ಲಿ 'ನ್ಯೂ ಸ್ಟೇಟ್ಸ್‌ಮನ್' ವಾರಪತ್ರಿಕೆ ಒಂದು ತೊಟ್ಟಿಲಿನ ಸುತ್ತ ಮಕ್ಕಳಿಲ್ಲದ ನಾಲ್ವರು ನಾಯಕಿಯರನ್ನು ನಿಲ್ಲಿಸಿದ ಚಿತ್ರವನ್ನು ಮುಖಪುಟಕ್ಕೆ ಹಾಕಿತು. ತೊಟ್ಟಿಲಲ್ಲಿ ಮಗುವಿನ ಬದಲು ಮತಪೆಟ್ಟಿಗೆ. ನಾಲ್ವರಲ್ಲಿ ಸ್ಟರ್ಜನ್ ಒಬ್ಬರು.

ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಸಾಲ್ಮಂಡ್‌ರಿಗೂ ಮಕ್ಕಳಿರಲಿಲ್ಲ. ಅವರಿಗೆ ಯಾರೂ ಈ ಪ್ರಶ್ನೆ ಕೇಳಿದ್ದನ್ನು ತಾನು ಕಂಡಿಲ್ಲವೆಂದು ಸ್ಟರ್ಜನ್ ಒಮ್ಮೆ ಹೇಳಿದ್ದರು.

2016ರ ಸೆಪ್ಟೆಂಬರಿನಲ್ಲಿ ಸತ್ಯ ಹೊರಬಂತು. 2011ರ ಆರಂಭದಲ್ಲಿ, ನಲ್ವತ್ತರ ವಯಸ್ಸಿನಲ್ಲಿ ಅವರಿಗೆ ಗರ್ಭಪಾತವಾಗಿತ್ತು. ಆ ದಿನಗಳಲ್ಲೇ ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ 1971ರಲ್ಲಿ ಕಾಲ್ತುಳಿತಕ್ಕೆ ಸಿಲುಕಿ ಸತ್ತ 66 ಮಂದಿಯ ನಲ್ವತ್ತನೇ ವರ್ಷದ ಸ್ಮರಣೆ ಇತ್ತು. ಉಪನಾಯಕಿಯಾಗಿದ್ದ ಅವರು ಒಳಗೆ ನೋವನ್ನಿಟ್ಟುಕೊಂಡೇ ಆ ಸಭೆಯಲ್ಲಿ ನಿಂತಿದ್ದರು. ಊರಿಗೆಲ್ಲ ಕಂಡದ್ದು ನಾಯಕಿ. ಒಳಗಿದ್ದದ್ದು ಮಗುವನ್ನು ಕಳಕೊಳ್ಳುತ್ತಿದ್ದ ತಾಯಿ. ಐದು ವರ್ಷ ಅವರು ಅದನ್ನು ಹೇಳಿಕೊಳ್ಳಲಿಲ್ಲ. ಆ ಐದು ವರ್ಷವೂ ಜನರು ಪ್ರಶ್ನೆ ಕೇಳುತ್ತಲೇ ಇದ್ದರು.

ಇದನ್ನು ಓದುವಾಗ ನಿಮ್ಮ ಕುಟುಂಬದ ಯಾವುದೋ ಒಂದು ಮುಖ ನಿಮ್ಮ ಕಣ್ಣ ಮುಂದೆ ಬಂದಿರಬಹುದು. ಮದುವೆಯಾಗಿ ಎರಡು ವರ್ಷವಾದರೆ ಸಾಕು, ಪ್ರತಿ ನಿಖಾಹ್‌ನಲ್ಲೂ, ಪ್ರತಿ ಈದ್‌ನಲ್ಲೂ 'ಏನಾದರೂ ವಿಶೇಷವೇ?' ಎಂಬ ಪ್ರಶ್ನೆ. ಕೇಳುವವರಿಗೆ ಅದು ಒಂದು ಕ್ಷಣದ ಮಾತು. ಆಕೆಗೆ ಆ ರಾತ್ರಿಯ ನಿದ್ದೆ ಹೋಗುತ್ತದೆ. ಎಷ್ಟೋ ಹೆಣ್ಣುಮಕ್ಕಳು ಸಮಾರಂಭಗಳಿಗೆ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ.

ಅಲ್ಲಾಹನು ತಾನಿಚ್ಛಿಸಿದವರಿಗೆ ಹೆಣ್ಣುಮಕ್ಕಳನ್ನೂ, ತಾನಿಚ್ಛಿಸಿದವರಿಗೆ ಗಂಡುಮಕ್ಕಳನ್ನೂ ಕೊಡುತ್ತಾನೆ, ಇನ್ನು ಕೆಲವರಿಗೆ ಕೊಡದಿರುತ್ತಾನೆ ಎಂಬುದು ಸೂರಃ ಅಶ್ಶೂರಾದ ಪಾಠ. ಅವನ ತೀರ್ಮಾನದ ಕಾರಣವನ್ನು ಒಂದು ಹೆಣ್ಣಿನಿಂದ ಕೇಳಲು ನಾವು ಯಾರು? ವಿಶ್ವಾಸಿಗಳ ಮಾತೆ ಹಝ್ರತ್ ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಪ್ರವಾದಿ(ಸ)ರು ಅವರಿಗೆ ಸೋದರಿಯ ಮಗ ಅಬ್ದುಲ್ಲಾರ ಹೆಸರಿನಲ್ಲಿ 'ಉಮ್ಮು ಅಬ್ದಿಲ್ಲಾಹ್' ಎಂಬ ಗೌರವದ ಹೆಸರನ್ನು ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ಅವರಿಂದ ಸಮುದಾಯಕ್ಕೆ ತಲುಪಿವೆ. ಮಡಿಲು ತುಂಬಲಿಲ್ಲ ಎಂದು ಅವರ ಬದುಕನ್ನು ಬರಿದು ಎನ್ನುವ ಧೈರ್ಯ ಯಾರಿಗಿದೆ?

ಹಾಗಾದರೆ ಟೀಕೆಯೇ ಬೇಡವೇ?

ಖಂಡಿತ ಬೇಕು. ಅಧಿಕಾರದಲ್ಲಿರುವವರು ಗಂಡಾಗಲಿ ಹೆಣ್ಣಾಗಲಿ, ಲೆಕ್ಕ ಕೊಡಲೇಬೇಕು. ಸ್ಟರ್ಜನ್ ಆಡಳಿತದಲ್ಲಿ ಕೊರತೆಗಳಿದ್ದವು. 2020ರಲ್ಲಿ ಸ್ಕಾಟ್ಲೆಂಡಿನಲ್ಲಿ ಮಾದಕ ವಸ್ತುಗಳಿಂದ 1,339 ಮಂದಿ ಸತ್ತರು. ಈ ವಿಷಯದಲ್ಲಿ ಸರಕಾರದ ಗಮನ ತಪ್ಪಿತ್ತೆಂದು ಅವರೇ ಒಪ್ಪಿಕೊಂಡರು. ಬಡವರ ಮತ್ತು ಶ್ರೀಮಂತರ ಮಕ್ಕಳ ಕಲಿಕೆಯ ಅಂತರ ಅವರು ಹೇಳಿದಂತೆ ಅಳಿಯಲಿಲ್ಲ. 2023ರ ಫೆಬ್ರವರಿಯಲ್ಲಿ ರಾಜೀನಾಮೆ ಘೋಷಿಸಿದರು. ಪಕ್ಷದ ಹಣಕಾಸಿನ ತನಿಖೆಯಲ್ಲಿ ಅದೇ ಜೂನ್‌ನಲ್ಲಿ ಬಂಧನಕ್ಕೊಳಗಾಗಿ ಬಿಡುಗಡೆಯಾದರು. ಅವರ ಮೇಲೆ ಕ್ರಮವಿಲ್ಲವೆಂದು 2025ರ ಮಾರ್ಚಿನಲ್ಲಿ ಪೊಲೀಸರು ಹೇಳಿದರು. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಈ ಯಾವ ಪ್ರಶ್ನೆಗೂ ಅವರ ಕಾಲಿನಲ್ಲಾಗಲಿ ತೊಟ್ಟಿಲಿನಲ್ಲಾಗಲಿ ಉತ್ತರವಿರಲಿಲ್ಲ.

ಸಬಾದ ರಾಣಿಯ ಕಥೆಯನ್ನು ಕುರ್‌ಆನ್ ಹೇಳುವ ರೀತಿಯನ್ನು ನೋಡಿ. ಸೂರ್ಯನನ್ನು ಆರಾಧಿಸುತ್ತಿದ್ದ ಅವಳ ತಪ್ಪನ್ನು ತಪ್ಪೆಂದೇ ಹೇಳುತ್ತದೆ. ಸುಲೈಮಾನ್(ಅ)ರ ಪತ್ರ ಬಂದಾಗ ಅವಳು ಮುಖಂಡರನ್ನು ಸೇರಿಸಿ ಸಮಾಲೋಚನೆ ನಡೆಸಿದ್ದನ್ನೂ, ಯುದ್ಧಕ್ಕೆ ಆತುರಪಡದಿದ್ದುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ಮಹಿಳೆಯ ರಾಜಕೀಯ ನಾಯಕತ್ವದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ, ಅದರ ಚರ್ಚೆ ಬೇರೆ. ಆದರೆ ಆಕೆಯನ್ನು ಹೀಯಾಳಿಸಬಹುದೇ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ.

ಪರದೆಯ ಹೆಣ್ಣಿಗೂ ಬಿಡಲಿಲ್ಲ

ಅದೇ ಸ್ಕಾಟ್ಲೆಂಡಿನ ಗ್ಲಾಸ್ಗೋದ ಮುಸ್ಲಿಮ್ ಯುವತಿ ಝಾರಾ ಮುಹಮ್ಮದ್ 2021ರ ಜನವರಿಯಲ್ಲಿ ಬ್ರಿಟನ್ನಿನ ಮುಸ್ಲಿಮ್ ಕೌನ್ಸಿಲಿನ ಪ್ರಧಾನ ಕಾರ್ಯದರ್ಶಿಯಾಗಿ ಚುನಾಯಿತರಾದರು. ವಯಸ್ಸು 29. ಆ ಹುದ್ದೆಗೆ ಮೊದಲ ಮಹಿಳೆ. ಕೆಲವೇ ದಿನಗಳಲ್ಲಿ ಬಿಬಿಸಿ ರೇಡಿಯೋದ ಮಹಿಳಾ ಕಾರ್ಯಕ್ರಮವೊಂದಕ್ಕೆ ಕರೆದು, ಬ್ರಿಟನ್ನಿನಲ್ಲಿ ಎಷ್ಟು ಮಹಿಳಾ ಇಮಾಮರಿದ್ದಾರೆ ಎಂದು ಮತ್ತೆ ಮತ್ತೆ ಕೇಳಲಾಯಿತು. ಕೋವಿಡ್‌ನಿಂದ ಜನರು ಸಾಯುತ್ತಿದ್ದ ದಿನಗಳವು. ಅವರ ಯೋಜನೆಗಳೇನೆಂಬುದು ಹಿಂದೆ ಸರಿಯಿತು. ನೂರಕ್ಕೂ ಹೆಚ್ಚು ಗಣ್ಯರು ಬಹಿರಂಗ ಪತ್ರ ಬರೆದು ಇದನ್ನು ಖಂಡಿಸಿದರು. ಕಾಲು ಕಂಡರೆ ಕಾಲಿನ ಮಾತು, ತಲೆ ಮುಚ್ಚಿದರೆ ಮುಚ್ಚಿದ ತಲೆಯ ಮಾತು. ತಲೆಯೊಳಗೆ ಏನಿದೆ ಎಂದು ಕೇಳುವವರು ಮಾತ್ರ ಕಡಿಮೆ.

ಆದರೂ ಬಾಗಿಲು ತೆರೆಯುತ್ತಲೇ ಬಂದಿದೆ. ಉತ್ತರ ಐರ್ಲೆಂಡಿನಲ್ಲಿ 2016ರಲ್ಲಿ ಅರ್ಲೀನ್ ಫಾಸ್ಟರ್, 2024ರಲ್ಲಿ ಮಿಶೆಲ್ ಓನೀಲ್, ಅದೇ ವರ್ಷ ವೇಲ್ಸ್‌ನಲ್ಲಿ ಎಲೂನೆಡ್ ಮಾರ್ಗನ್ ಫಸ್ಟ್ ಮಿನಿಸ್ಟರ್ ಆದರು. ಹತ್ತು ವರ್ಷಗಳೊಳಗೆ ಬ್ರಿಟನ್ನಿನ ಮೂರೂ ಪ್ರಾದೇಶಿಕ ಸರಕಾರಗಳು ಮಹಿಳೆಯ ಆಡಳಿತವನ್ನು ಕಂಡವು. ಸ್ಟರ್ಜನ್‌ರ ನಂತರ 2023ರಲ್ಲಿ ಆ ಕುರ್ಚಿಗೆ ಬಂದ ಹಂಝಾ ಯೂಸುಫ್ ಒಬ್ಬ ಮುಸ್ಲಿಮ್. ಅಧಿಕೃತ ನಿವಾಸದಲ್ಲಿ ಮೊದಲ ದಿನವೇ ಕುಟುಂಬದೊಂದಿಗೆ ರಮಝಾನಿನ ಉಪವಾಸ ತೊರೆದು ನಮಾಝ್ ಮಾಡಿದ ಚಿತ್ರವನ್ನು ಅವರು ಹಂಚಿಕೊಂಡಿದ್ದರು. ಒಂದು ವರ್ಷದ ಬಳಿಕ ಅವರೂ ಕೆಳಗಿಳಿದರು.

ನಮ್ಮ ಅಂಗಳದಲ್ಲಿ

ಕರ್ನಾಟಕದ ಪಂಚಾಯತ್‌ಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ನಮ್ಮ ಸಮುದಾಯದ ಹೆಣ್ಣುಮಕ್ಕಳೂ ಸದಸ್ಯರಾಗುತ್ತಿದ್ದಾರೆ, ಅಧ್ಯಕ್ಷೆಯರಾಗುತ್ತಿದ್ದಾರೆ. ಅವರ ಬಗ್ಗೆ ನಾವು ಏನು ಮಾತನಾಡುತ್ತೇವೆ? ಬೀದಿ ದೀಪ ಉರಿಯಿತೇ, ನಳ್ಳಿಯಲ್ಲಿ ನೀರು ಬಂತೇ ಎಂದೇ? ಅಥವಾ ರಾತ್ರಿ ಎಷ್ಟು ಗಂಟೆಗೆ ಮನೆಗೆ ಬಂದಳು, ಯಾರ ಕಾರಿನಲ್ಲಿ ಬಂದಳು ಎಂದೇ?

ಸಹೋದರಿಯರೇ, ಲಂಡನ್ನಿನ ಪತ್ರಿಕೆಗಳನ್ನು ತಿದ್ದುವುದು ನಮ್ಮಿಂದಾಗದು. ನಮ್ಮ ನಾಲಗೆ ಮಾತ್ರ ನಮ್ಮದೇ. ಮುಂದಿನ ಸಮಾರಂಭದಲ್ಲಿ ಮಕ್ಕಳಿಲ್ಲದ ಸೊಸೆಯೊಬ್ಬಳು ಪಕ್ಕದಲ್ಲಿ ಕುಳಿತರೆ ಆಕೆಯ ಕೆಲಸದ ಬಗ್ಗೆ, ಓದಿನ ಬಗ್ಗೆ, ಆರೋಗ್ಯದ ಬಗ್ಗೆ ವಿಚಾರಿಸಿ. ಬೇರೆ ಯಾರಾದರೂ ಆ ಹಳೆಯ ಪ್ರಶ್ನೆಯನ್ನು ಎತ್ತಿದರೆ ಮಾತನ್ನು ಮೆಲ್ಲನೆ ಬೇರೆಡೆಗೆ ತಿರುಗಿಸಿ. ಪಂಚಾಯತ್ ಸದಸ್ಯೆ ಸಿಕ್ಕಿದರೆ ರಸ್ತೆಯ ಗುಂಡಿ ಯಾವಾಗ ಮುಚ್ಚಿಸುತ್ತೀರಿ ಎಂದು ಗಟ್ಟಿಯಾಗಿಯೇ ಕೇಳಿ. ಅವಳಿಗೂ ಅದೇ ಗೌರವ, ಊರಿಗೂ ಅದರಿಂದಲೇ ಲಾಭ. ಅದನ್ನೆಲ್ಲ ಪಕ್ಕದಲ್ಲಿ ಕುಳಿತ ನಿಮ್ಮ ಮಗಳು ಕೇಳಿಸಿಕೊಳ್ಳುತ್ತಿರುತ್ತಾಳೆ. ನಾಳೆ ಅವಳು ಬೇರೆ ಹೆಣ್ಣುಮಕ್ಕಳ ಬಗ್ಗೆ ಹೇಗೆ ಮಾತನಾಡುತ್ತಾಳೆ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.