ಹೆಣಿಗೆಗೂ ಒಂದು ಲೆಕ್ಕ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರ್ತಾರೆ. ಅವರ ಕೈಯಲ್ಲಿ ಯಾವಾಗಲೂ ಹೆಣಿಗೆ ಕಡ್ಡಿ. ಪಾಠ ಕೇಳ್ತಾ ಕೇಳ್ತಾನೇ ಸ್ವೆಟರ್ ಹೆಣೀತಾರೆ. ಒಂದು ದಿನ ತುಂಬ ಖುಷಿಯಾಗಿ ಬಂದರು.

“ಟೀಚರ್, ದೊಡ್ಡವರ ಸ್ವೆಟರ್ 800 ರೂಪಾಯಿಗೆ ಮಾರಿದೆ. ಉಲ್ಲನ್‌ಗೆ 400 ಆಗಿತ್ತು. 400 ರೂಪಾಯಿ ಲಾಭ!” ಅಂದರು.

“ಹೆಣೆಯೋಕೆ ಎಷ್ಟು ಹೊತ್ತು ಬೇಕಾಯ್ತು ಅಕ್ಕ?” ಅಂತ ಕೇಳಿದೆ.

“ಅದನ್ನ ಯಾರು ಲೆಕ್ಕ ಇಡ್ತಾರೆ? ಮನೆ ಕೆಲಸ ಮುಗಿದ ಮೇಲೆ ಕೂತು ಮಾಡೋದು ತಾನೇ” ಅಂತ ನಕ್ಕರು.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ದಿನಕ್ಕೆ 2 ಗಂಟೆ. ಒಟ್ಟು 20 ದಿನ. ಅಂದರೆ 40 ಗಂಟೆ. 400 ರೂಪಾಯಿಯನ್ನು 40ರಿಂದ ಭಾಗಿಸಿದೆವು. ಗಂಟೆಗೆ 10 ರೂಪಾಯಿ ಬಂತು. ಅಕ್ಕ ಸುಮ್ಮನಾದರು.

ಆಮೇಲೆ ಅವರೇ ಮಗುವಿನ ಕುಲಾವಿಯ ಲೆಕ್ಕ ಬರೆದರು. ಉಲ್ಲನ್‌ಗೆ 30 ರೂಪಾಯಿ. ಮಾರುವ ಬೆಲೆ 120. ಉಳಿಯೋದು 90. ಹೆಣೆಯಲು 3 ಗಂಟೆ. ಗಂಟೆಗೆ 30 ರೂಪಾಯಿ! ಇದೂ ದೊಡ್ಡ ಕೂಲಿ ಏನಲ್ಲ. ಆದರೂ ಸ್ವೆಟರಿನ ಮೂರು ಪಟ್ಟು. ಬೆಲೆ ದೊಡ್ಡದಾದರೆ ಸಾಲದು. ಎಷ್ಟು ಗಂಟೆ ಹಿಡಿಯಿತು ಅಂತಲೂ ನೋಡಬೇಕು.

ನರಸಾಪುರದ ಕಥೆ

ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ನರಸಾಪುರ ಅಂತ ಊರಿದೆ. ಗೋದಾವರಿ ನದಿಯ ದಡದ ಊರು. ಅಲ್ಲಿನ ಸುತ್ತಮುತ್ತಲ ಹೆಂಗಸರು ಕ್ರೋಶಾ ಕಡ್ಡಿಯಲ್ಲಿ ಲೇಸು ಹೆಣೆಯುತ್ತಾರೆ. ಆ ಲೇಸು ಹೊರದೇಶಕ್ಕೂ ಹೋಗುತ್ತದೆ. ಮರಿಯಾ ಮೀಸ್ ಎಂಬ ಜರ್ಮನಿಯ ವಿದ್ವಾಂಸೆ ಅಲ್ಲಿಗೆ ಹೋಗಿ ನೋಡಿದರು. 1982ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಹೆಂಗಸರು ದಿನಾ ಗಂಟೆಗಟ್ಟಲೆ ಹೆಣೆಯುತ್ತಿದ್ದರು. ಅವರಿಗೆ ಸಿಗುತ್ತಿದ್ದುದು ಪುಡಿಗಾಸು. ವ್ಯಾಪಾರಿಗಳು ಮಾತ್ರ ಶ್ರೀಮಂತರಾದರು. ಯಾಕೆ ಹೀಗಾಯಿತು? “ಇವರು ಗೃಹಿಣಿಯರು, ಬಿಡುವಿನಲ್ಲಿ ಮಾಡ್ತಾರೆ” ಅಂತ ಎಲ್ಲರೂ ಅಂದುಕೊಂಡಿದ್ದರು. ಹೆಣೆಯುವವರೂ ಹಾಗೇ ನಂಬಿದ್ದರು.

ಹೊತ್ತು ಕಳೆಯಲು ಮಾಡಿದ ಕೆಲಸ ಅಂದರೆ ಅದಕ್ಕೆ ಕೂಲಿ ಯಾರು ಕೊಡ್ತಾರೆ? ಮೊದಲು ನಾವೇ ಅದನ್ನು ಕೆಲಸ ಅನ್ನಬೇಕು.

ಒಂದು ನೋಟ್‌ಬುಕ್ ಇಡಿ

ನಿಮಗೆ ಈಗ ಬರೆಯಲು ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಐದು ಮನೆ ಗೆರೆ ಹಾಕಿ. ತಾರೀಕು. ವಸ್ತು. ನೂಲಿನ ಖರ್ಚು. ಹೆಣೆದ ಗಂಟೆ. ಮಾರಿದ ಬೆಲೆ. ಗುಂಡಿ, ರಿಬ್ಬನ್, ಬಸ್ ಚಾರ್ಜನ್ನೂ ಖರ್ಚಿಗೆ ಸೇರಿಸಿ. ಸಾಲಕ್ಕೆ ಕೊಟ್ಟರೆ ಅದನ್ನೂ ಬರೆಯಿರಿ. “ಆಮೇಲೆ ಕೊಡ್ತೀನಿ” ಅಂದವರು ಮರೆಯಬಹುದು. ಪುಸ್ತಕ ಮರೆಯೋದಿಲ್ಲ.

ಕೊಳ್ಳುವಾಗ ಅಂಕಿ ಓದಿ

ಉಲ್ಲನ್ ಉಂಡೆಗೆ ಕಾಗದದ ಪಟ್ಟಿ ಸುತ್ತಿರುತ್ತಾರೆ. ಅದರ ಮೇಲೆ ಬಣ್ಣದ ನಂಬರ್, ಲಾಟ್ ನಂಬರ್ ಇರುತ್ತವೆ. ಒಂದೇ ಸಲ ಬಣ್ಣ ಹಾಕಿದ ನೂಲಿಗೆ ಒಂದೇ ಲಾಟ್ ನಂಬರ್. ಲಾಟ್ ಬೇರೆಯಾದರೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ಅಂಗಡಿಯಲ್ಲಿ ಕಾಣೋದಿಲ್ಲ. ಹೆಣೆದ ಮೇಲೆ ಪಟ್ಟೆಯಾಗಿ ಕಾಣುತ್ತದೆ. ಒಂದು ಸ್ವೆಟರಿಗೆ ಬೇಕಾದ ಉಂಡೆಗಳನ್ನು ನಂಬರ್ ನೋಡಿ ಒಟ್ಟಿಗೇ ತನ್ನಿ. ಪಟ್ಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ ಇಡಿ.

ಮಗುವಿನ ಬಟ್ಟೆಗೆ ಮೆತ್ತನೆಯ ನೂಲು ಇರಲಿ. ಗುಂಡಿಯನ್ನು ಗಟ್ಟಿಯಾಗಿ ಹೊಲಿಯಿರಿ. ಸಡಿಲವಾದರೆ ಮಗು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ.

ಮಾರೋದು ಎಲ್ಲಿ?

ಚಳಿ ಬಂದ ಮೇಲೆ ಹೆಣೆಯಲು ಕೂತರೆ ತಡವಾಯಿತು. ಮಳೆಗಾಲದಲ್ಲೇ ಹೆಣೆದಿಡಿ. ದೀಪಾವಳಿ ಹೊತ್ತಿಗೆ ಮಾರಲು ತಯಾರಾಗಿರಲಿ. ಸಂತೆ, ಜಾತ್ರೆ ಇವೆ. ಬಾಣಂತಿ ಇರುವ ಮನೆಗಳಿವೆ. ಸ್ವಸಹಾಯ ಸಂಘದ ಮೇಳಗಳಿವೆ. ಮಿಷನ್ ಸ್ವೆಟರು ಅಗ್ಗ. ಅದರ ಜೊತೆ ಬೆಲೆಯಲ್ಲಿ ಪೈಪೋಟಿ ಬೇಡ. ಅಳತೆ ತೆಗೆದುಕೊಂಡು, ಕೇಳಿದ ಬಣ್ಣದಲ್ಲಿ ಹೆಣೆದುಕೊಡಿ. ಅದು ಅಂಗಡಿಯಲ್ಲಿ ಸಿಗೋದಿಲ್ಲ.

ಕೆಲವರು ನೂಲು ಕೊಟ್ಟು ಹೆಣೆಸಿಕೊಳ್ಳುತ್ತಾರೆ. ಆಗ ನೂಲನ್ನು ತೂಕ ಮಾಡಿಸಿ. ಒಂದಕ್ಕೆ ಎಷ್ಟು ಕೂಲಿ ಅಂತ ಮೊದಲೇ ಮಾತಾಡಿ. ಎರಡನ್ನೂ ಬರೆದು ಅವರ ಸಹಿ ಹಾಕಿಸಿ. ಓದದೆ ನೀವು ಮಾತ್ರ ಸಹಿ ಹಾಕಬೇಡಿ.

ನಮ್ಮ ಅಕ್ಕ ಈಗ ಕುಲಾವಿ, ಕಾಲುಚೀಲ ಹೆಚ್ಚು ಹೆಣೀತಾರೆ. ದೊಡ್ಡ ಸ್ವೆಟರ್ ಕೇಳಿದವರಿಗೆ ನೋಟ್‌ಬುಕ್ ತೆರೆದು ತೋರಿಸ್ತಾರೆ. “ನೋಡಿ, 40 ಗಂಟೆ ಕೆಲಸ. ಇಷ್ಟು ಕೊಡಬೇಕು” ಅಂತಾರೆ. ಕೆಲವರು ಹಾಗೇ ಹೋಗ್ತಾರೆ. ಕೆಲವರು ಕೊಡ್ತಾರೆ.

ಲೆಕ್ಕ ಮಾಡಿ

ಒಂದು ಬಾಗಿಲ ತೋರಣಕ್ಕೆ ನೂಲು 60 ರೂಪಾಯಿ. ಹೆಣೆಯಲು 6 ಗಂಟೆ. ಮಾರಿದ ಬೆಲೆ 240 ರೂಪಾಯಿ. ಗಂಟೆಗೆ ಎಷ್ಟು ಸಿಕ್ಕಿತು? ನೀವು ಹೆಣೆದ ಒಂದು ವಸ್ತುವಿನ ಲೆಕ್ಕವನ್ನೂ ಹೀಗೇ ಬರೆಯಿರಿ.